ಕಲ್ಲಿನ ಕೆಳಗೊಂದು ಕೊಂಬೆ ಚಾಪೆ

ಡಚ್ಚರ ಜಲವಿದ್ಯೆ ಎಂದ ಕೂಡಲೇ ಗಾಳಿಗಿರಣಿ, ಕಡಲು ತಡೆಯುವ ಒಡ್ಡು ನೆನಪಾಗುತ್ತವೆ. ಆದರೆ ಅವರ ಎಂಜಿನಿಯರುಗಳು ಹೊರದೇಶಕ್ಕೆ ಒಯ್ದದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನೀರಿನಡಿ ಅಡಗಿ, ಯಾರ ಕಣ್ಣಿಗೂ ಬೀಳದ ಒಂದು ಚಾಪೆ. ವಿಲ್ಲೋ ಕೊಂಬೆಗಳಿಂದ ಕಟ್ಟಿದ ಇದನ್ನು ಡಚ್ಚರು ಝಿಂಕ್‌ಸ್ಟುಕ್ ಎನ್ನುತ್ತಾರೆ.

ಇದು ಯಾಕೆ ಬೇಕು? ಹೂಳು, ನುಣ್ಣನೆಯ ಮರಳು ಇರುವ ತಳದ ಮೇಲೆ ನೇರವಾಗಿ ಕಲ್ಲು ಸುರಿದರೆ ನಿಲ್ಲುವುದಿಲ್ಲ. ಕಲ್ಲಿನ ಸಂದಿಗಳಲ್ಲಿ ನೀರು ಸುಳಿದು ಅಡಿಯ ಮರಳನ್ನು ಎಳೆದೊಯ್ಯುತ್ತದೆ, ಕಲ್ಲು ಇಳಿಯುತ್ತಾ ಹೋಗುತ್ತದೆ. ಚಾಪೆ ಹಾಸಿದರೆ ನೀರು ಸೋಸಿ ಹೋಗುತ್ತದೆ, ಮರಳು ಉಳಿಯುತ್ತದೆ. ಕಲ್ಲಿನ ಭಾರವೂ ಹಂಚಿಹೋಗುತ್ತದೆ.

ಕಟ್ಟುವ ಕ್ರಮ ಹೀಗೆ. ಕೊಂಬೆಗಳನ್ನು ಬಿಗಿದು ಸುಮಾರು 10ರಿಂದ 15 ಸೆಂ.ಮೀ. ದಪ್ಪದ ಉದ್ದನೆಯ ದಿಂಡುಗಳನ್ನು ಮಾಡುತ್ತಾರೆ. ದಡದ ಇಳಿಜಾರಿನಲ್ಲಿ ಅವನ್ನು ಸುಮಾರು ಒಂದು ಮೀಟರ್ ಅಂತರದಲ್ಲಿ ಉದ್ದ-ಅಡ್ಡ ಇಟ್ಟು, ಕೂಡಿದಲ್ಲೆಲ್ಲ ಹಗ್ಗದಿಂದ ಕಟ್ಟುತ್ತಾರೆ. ಆ ಹಗ್ಗದ ತುದಿಗಳನ್ನು ಕತ್ತರಿಸದೆ ಉದ್ದ ಬಿಡಬೇಕು. ಮೇಲೆ ಬಿಡಿ ಕೊಂಬೆಗಳ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಹರಡಿ, ಇನ್ನೊಂದು ದಿಂಡಿನ ಚೌಕಟ್ಟು ಕೂರಿಸಿ, ಬಿಟ್ಟಿದ್ದ ಅದೇ ಹಗ್ಗಗಳಿಂದ ಕೆಳಗಿನದಕ್ಕೂ ಮೇಲಿನದಕ್ಕೂ ಗಂಟು ಹಾಕುತ್ತಾರೆ. ಕಲ್ಲು ಜಾರದಂತೆ ಮೇಲೆ ಗೂಟ ನೆಟ್ಟು ಗಿಡ್ಡ ತಡಿಕೆ ಹೆಣೆಯುತ್ತಾರೆ. ಭರತ ಬಂದಾಗ ಚಾಪೆ ತಾನೇ ತೇಲುತ್ತದೆ. ಎಳೆದೊಯ್ದು ಜಾಗದಲ್ಲಿ ನಿಲ್ಲಿಸಿ, ಸುತ್ತಲಿನ ದೋಣಿಗಳಿಂದ ಕಲ್ಲು ಹೇರಿ ಮುಳುಗಿಸುವುದು ಕೊನೆಯ ಕೆಲಸ.

ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಒಂದು ಬದಿಗೆ ಕಲ್ಲು ಹೆಚ್ಚಾದರೆ ಚಾಪೆ ಓರೆಯಾಗಿ, ಇದ್ದ ಕಲ್ಲೂ ಜಾರಿ ಬೀಳುತ್ತದೆ. ಸೆಳೆತವಿದ್ದರೆ ಜಾಗ ತಪ್ಪುತ್ತದೆ. ಹಾಗಾಗಿ ಭರತ-ಇಳಿತದ ನಡುವೆ ನೀರು ಸುಮ್ಮನಿರುವ ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕು. ಎರಡು ಚಾಪೆಗಳ ನಡುವೆ ಸಂದು ಉಳಿದರೆ ಕೊರೆತ ಅಲ್ಲಿಂದಲೇ ಶುರು. ಸದಾ ಮುಳುಗಿರುವ ಕೊಂಬೆ ಸಿಹಿನೀರಿನಲ್ಲಿ ಬಹುಕಾಲ ಬಾಳುತ್ತದೆ. ಒಮ್ಮೆ ಒಣಗಿ ಒಮ್ಮೆ ನೆನೆಯುವ ಕಡೆ ಕೊಳೆಯುತ್ತದೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು ತಿನ್ನುತ್ತದೆ.

ಈ ವಿದ್ಯೆ ಜಪಾನಿಗೆ ಹೋದದ್ದು ಮೇಜಿ ಸರ್ಕಾರ ಡಚ್ ಎಂಜಿನಿಯರುಗಳನ್ನು ಕರೆಸಿಕೊಂಡಾಗ. 1872ರಲ್ಲಿ ಫಾನ್ ಡೋರ್ನ್ ಬಂದರು, 1873ರಲ್ಲಿ ಎಷರ್ ಮತ್ತು ಯೋಹಾನಿಸ್ ಡೆ ರೈಕೆ. ಡೆ ರೈಕೆಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಒಡ್ಡಿನ ಕೆಲಸಗಾರರ ಮನೆಯ ಮಗ, ಕೆಲಸ ಮಾಡುತ್ತಲೇ ಕಲಿತವರು. ಸುಮಾರು 30 ವರ್ಷ ಅಲ್ಲೇ ದುಡಿದರು.

ಒಸಾಕಾದ ಯೋದೊ ನದಿಯಲ್ಲಿ ಆವಿದೋಣಿ ಓಡಿಸಲು ಆಳ ಬೇಕಿತ್ತು. ಹೂಳೆತ್ತುತ್ತಾ ಕೂರುವ ಬದಲು, ದಡದಿಂದ ನಡುನೀರಿನತ್ತ ಚಾಚುಕಟ್ಟೆಗಳನ್ನು ಚಾಪೆಯ ಮೇಲೆ ಕಟ್ಟಿದರು. ಹರಿವಿನ ಅಗಲ ಕಿರಿದಾಯಿತು, ವೇಗ ಹೆಚ್ಚಿತು, ನದಿ ತನ್ನ ತಳವನ್ನು ತಾನೇ ತೋಡಿಕೊಂಡಿತು. ವಿಲ್ಲೋ ಬದಲು ಅಲ್ಲಿನ ಗುಡ್ಡದ ಮರಗಳ ಕೊಂಬೆಯೂ ಸಾಕಾಯಿತು. ಇಂಥ ಚಾಚುಕಟ್ಟೆಗೆ ಡಚ್ಚರು ಹೇಳುವ 'ಕ್ರಿಬ್' ಎಂಬ ಮಾತು ಜಪಾನೀ ಬಾಯಲ್ಲಿ 'ಕೆರೆಪ್ಪು' ಆಗಿ ಇಂದಿಗೂ ಉಳಿದಿದೆ. ಹೂಳು ಹುಟ್ಟುವುದು ಮೇಲಿನ ಬೋಳುಗುಡ್ಡಗಳಲ್ಲಿ ಎಂದು ಕಂಡುಕೊಂಡು, ಡೆ ರೈಕೆ ಅಲ್ಲಿಯೂ ಕಲ್ಲುಕಟ್ಟೆ, ಗಿಡ ನೆಡುವ ಕೆಲಸ ಮಾಡಿಸಿದರು. ಸಪಾಟು ನಾಡಿನಿಂದ ಬಂದವರು ಗುಡ್ಡ ಹತ್ತಿ ನೋಡಿದ್ದು ಸಣ್ಣ ಮಾತಲ್ಲ.

ಕಡಲಿನ ಬಾಯಲ್ಲಿ ಫಲ ಒಂದೇ ಥರ ಬರಲಿಲ್ಲ. ಮಿಕುನಿ ಬಂದರಿನಲ್ಲಿ ಎಷರ್ ಯೋಜಿಸಿದ 511 ಮೀಟರ್ ಚಾಚುಕಟ್ಟೆ ಈಗಲೂ ನಿಂತಿದೆ. ಅದು ಕುಜುರ್ಯು ನದಿಯ ಹರಿವನ್ನು ತಿರುಗಿಸಿ, ಅಳಿವೆಯ ಮರಳನ್ನು ನದಿಯ ಕೈಯಿಂದಲೇ ತೆಗೆಸುತ್ತದೆ. ಫಾನ್ ಡೋರ್ನ್ ಯೋಜಿಸಿದ ನೊಬಿರು ಬಂದರು ತೆರೆದ ಕಡಲಿಗೆ ಮುಖ ಮಾಡಿತ್ತು. 1884ರ ಚಂಡಮಾರುತದಲ್ಲಿ ಅದರ ಚಾಚುಕಟ್ಟೆ ಕುಸಿಯಿತು, ಬಂದರನ್ನೇ ಕೈಬಿಟ್ಟರು.

ಯೋದೊ ನದಿಯ ಚಾಚುಕಟ್ಟೆಗಳ ನಡುವೆ ಹೂಳು ಕಟ್ಟಿ ಉಳಿದ ನಿಂತ ನೀರಿನ ಮಡುಗಳಿಗೆ 'ವಾಂಡೊ' ಎನ್ನುತ್ತಾರೆ. ದೋಣಿಗೆಂದು ಕಟ್ಟಿದ ಈ ಕಟ್ಟೆಗಳ ಮಗ್ಗುಲಲ್ಲೇ, ಅಳಿವಿನಂಚಿನ ಇತಾಸೆನ್‌ಪಾರಾ ಮೀನು ಸಿಹಿನೀರಿನ ಮೃದ್ವಂಗಿಗಳ ಚಿಪ್ಪಿನೊಳಗೆ ಮೊಟ್ಟೆ ಇಡುತ್ತದೆ.