ಹಳೇ ಬೆಂಜ್ ಅಂದ್ರೆ ಆನೆ ಸಾಕಿದ ಹಾಗಲ್ವಾ?

ಈ ಪ್ರಶ್ನೆಯನ್ನು ನನಗೆ ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವರೂ ಕೇಳಿದ್ದಾರೆ. "ಹಳೇ ಬೆಂಜ್ ಇಟ್ಕೊಳ್ಳೋದು ಆನೆ ಸಾಕಿದ ಹಾಗಲ್ವಾ ಸಾರ್?" ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಅಲ್ಲ. ಆನೆ ಸಾಕಿದ ಹಾಗಲ್ಲ.

ನಮ್ಮ ಮನೆಯಲ್ಲಿರುವುದು 1982ರ ಮರ್ಸಿಡಿಸ್ 240 ಡಿ. ಡಬ್ಲ್ಯೂ123 ಅಂತ ಕರೆಯುವ ಮಾದರಿ. ಇದು 1976ರಲ್ಲಿ ಮಾರುಕಟ್ಟೆಗೆ ಬಂತು. ನಿಲ್ಲಿಸುವ ಹೊತ್ತಿಗೆ ಎಲ್ಲ ಬಗೆಯೂ ಸೇರಿ ಸುಮಾರು 27 ಲಕ್ಷ ಕಾರು ತಯಾರಾಗಿತ್ತು. ದುಡ್ಡಿದ್ದವರ ಕಾರು ನಿಜ. ಆದರೆ ಜರ್ಮನಿಯಲ್ಲಿ ಹಗಲೂ ರಾತ್ರಿ ಟ್ಯಾಕ್ಸಿಯಾಗಿ ಓಡಿದ್ದೂ ಇದೇ ಕಾರು. ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವವರು ಆನೆ ಸಾಕ್ತಾರಾ?

ನನಗೆ ಬೇಜಾರಾಗುವುದು ಖರ್ಚಿನ ಬಗ್ಗೆ ಕೇಳಿದ್ದಕ್ಕಲ್ಲ. ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ, ಅದಕ್ಕೆ. "ಹೌದು, ಬರಬಾದಾದೆ" ಅಂತ ನಾನು ಹೇಳಬೇಕು, ಅವರು ಸಮಾಧಾನವಾಗಿ ತಲೆಯಾಡಿಸಬೇಕು. ಈ ಮಾತನ್ನು ನಂಬಿಕೊಂಡೇ ಎಷ್ಟೋ ಒಳ್ಳೆಯ ಗಾಡಿಗಳು ಗುಜರಿಗೆ ಹೋಗಿವೆ.

ತುಮಕೂರಿನ ಹತ್ತಿರ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಮನೆ ಮುಂದೆ ಕಾರು ನಿಲ್ಲಿಸಿ ಕೀ ಆಫ್ ಮಾಡಿದೆ. ಇಂಜಿನ್ ನಿಲ್ಲಲಿಲ್ಲ. ಮತ್ತೆ ಆನ್ ಮಾಡಿ ಆಫ್ ಮಾಡಿದೆ. ಗಡಗಡ ಅಂತ ಓಡುತ್ತಲೇ ಇದೆ. ಶಾಮಿಯಾನದಲ್ಲಿದ್ದವರೆಲ್ಲ ಎದ್ದು ಬಂದರು. ದೊಡ್ಡಮಾವನವರು "ಬ್ಯಾಟರಿ ವೈರ್ ಕಿತ್ತು ಹಾಕಪ್ಪಾ!" ಅಂತ ಕೂಗಿದರು. ಕಿತ್ತಿದ್ದರೂ ಪ್ರಯೋಜನವಿರಲಿಲ್ಲ. ಆ ಡೀಸೆಲ್ ಇಂಜಿನ್ ಒಮ್ಮೆ ಶುರುವಾದರೆ ಓಡುವುದಕ್ಕೆ ಕರೆಂಟೇ ಬೇಡ. ಬಾನೆಟ್ ತೆಗೆದು, ಸ್ಟಾಪ್ ಅಂತ ಬರೆದಿರುವ ಸಣ್ಣ ಲಿವರ್ ಒತ್ತಿದೆ. ನಿಂತಿತು. "ನೋಡಿದ್ಯಾ, ನಾನು ಹೇಳ್ಲಿಲ್ವಾ, ಆನೆ" ಅಂದರು ಮಾವ.

ಅಲ್ಲೇ ಹೆದ್ದಾರಿಯ ಒಂದು ಗ್ಯಾರೇಜಿನವರು ಬಂದು ನೋಡಿ, "ಇಂಜೆಕ್ಷನ್ ಪಂಪ್ ಹೋಗಿದೆ ಸಾರ್, ಇಳಿಸಬೇಕು" ಅಂದರು. ಇಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಅದು. ಹೇಳಿದ ಮೊತ್ತ ಕೇಳಿ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಬೇಡ ಅಂದೆ. ಲಿವರ್ ಒತ್ತಿದರೆ ನಿಲ್ಲುತ್ತದೆ ಅಂದಮೇಲೆ ಪಂಪಿನೊಳಗೆ ಡೀಸೆಲ್ ಕಟ್ ಆಗುವ ವ್ಯವಸ್ಥೆ ಸರಿಯಾಗಿಯೇ ಇದೆ. ಕೀಯಿಂದ ಅಲ್ಲಿಗೆ ಸುದ್ದಿ ತಲುಪುತ್ತಿಲ್ಲ, ಅಷ್ಟೇ.

ಆ ಸುದ್ದಿ ಹೋಗುವುದು ವೈರಿನಲ್ಲಲ್ಲ, ವ್ಯಾಕ್ಯೂಮಿನಲ್ಲಿ. ಇಂಜಿನ್ ಮುಂಭಾಗದಲ್ಲಿ ಗಾಳಿ ಎಳೆಯುವ ಒಂದು ವ್ಯಾಕ್ಯೂಮ್ ಪಂಪ್ ಇದೆ. ಬ್ರೇಕ್ ಬೂಸ್ಟರ್, ಇಂಜಿನ್ ನಿಲ್ಲಿಸುವ ವಾಲ್ವ್, ಬಾಗಿಲುಗಳ ಸೆಂಟ್ರಲ್ ಲಾಕ್, ಎಲ್ಲಕ್ಕೂ ಅದೇ ಆಧಾರ. ಎಲ್ಲಾದರೂ ಒಂದು ಕಡೆ ಸೋರಿದರೆ ಎಳೆತ ಕಡಿಮೆಯಾಗಿ ಇನ್ನೊಂದು ಕಡೆ ಕೆಲಸ ನಿಲ್ಲುತ್ತದೆ. ಬೆಂಗಳೂರಿಗೆ ಬಂದಮೇಲೆ ನಮ್ಮ ಮೇಸ್ತ್ರಿ ಮಾಡಿದ್ದು ಇಷ್ಟು: ಬಾಗಿಲುಗಳ ಕಡೆ ಹೋಗುವ ತೆಳ್ಳಗಿನ ಪೈಪನ್ನು ಮುಖ್ಯ ಲೈನಿನಿಂದ ಕಳಚಿ, ಆ ಬಾಯಿಗೆ ಒಂದು ಸ್ಕ್ರೂ ಒತ್ತಿ ಮುಚ್ಚಿದರು. ಕೀ ಆಫ್ ಮಾಡಿ ಅಂದರು. ಇಂಜಿನ್ ತಟ್ಟನೆ ನಿಂತಿತು.

ಅಂದರೆ ಸೋರಿಕೆ ಬಾಗಿಲಲ್ಲಿ! ಒಂದೊಂದೇ ಬಾಗಿಲಿನ ಪೈಪಿಗೆ ಕೈಪಂಪ್ ಹಚ್ಚಿ ನೋಡಿದರು. ಎಡಗಡೆ ಹಿಂಬಾಗಿಲಿನಲ್ಲಿ ಪಂಪಿನ ಮೀಟರಿನ ಮುಳ್ಳು ನಿಲ್ಲಲಿಲ್ಲ, ಇಳಿದುಬಿಟ್ಟಿತು. ಪ್ಯಾನೆಲ್ ಬಿಚ್ಚಿ ಲಾಕಿನ ರಬ್ಬರ್ ಡಯಾಫ್ರಾಮ್ ಹೊರಗೆ ತೆಗೆದರು. ಸುಮ್ನೆ ನೋಡಿದರೆ ಚೆನ್ನಾಗೇ ಇತ್ತು. ಎರಡು ಬೆರಳಲ್ಲಿ ಹಿಡಿದು ಎಳೆದಾಗ ಮಡಿಕೆಯ ಉದ್ದಕ್ಕೂ ಕೂದಲೆಳೆಯಷ್ಟು ಸೀಳು ಬಾಯಿ ತೆರೆಯಿತು. ಆ ರಬ್ಬರ್ ಬದಲಾಯಿಸಿದ್ದೇ ರಿಪೇರಿ. ಇಂಜೆಕ್ಷನ್ ಪಂಪು ಇವತ್ತಿಗೂ ಇಳಿದಿಲ್ಲ.

ನೀವು ಕೇಳಬೇಕಾದ ಪ್ರಶ್ನೆ ಇದು: "ಕೆಟ್ಟಾಗ ಮೊದಲು ಎಲ್ಲಿ ನೋಡ್ತೀರಿ?" ಇದನ್ನು ಕೇಳಿದರೆ ನಾನು ಊಟ ಬಿಟ್ಟಾದರೂ ಕೂತು ಹೇಳುತ್ತೇನೆ. ಹಳೇ ಕಾರಿನಲ್ಲಿ ವಯಸ್ಸಾಗುವುದು ಮೊದಲು ರಬ್ಬರಿಗೆ, ಕನೆಕ್ಷನ್ನಿಗೆ. ಕಬ್ಬಿಣಕ್ಕೆ ಆಮೇಲೆ.

ಬೆಳಗ್ಗೆ ಸ್ಟಾರ್ಟ್ ಆಗೋದು ಕಷ್ಟ, ಆದಮೇಲೂ ಸ್ವಲ್ಪ ಹೊತ್ತು ನಡುಗುತ್ತಾ ಬಿಳಿ ಹೊಗೆ ಬಿಡುತ್ತೆ ಅಂದರೆ ಗ್ಲೋ ಪ್ಲಗ್ ಪರೀಕ್ಷೆ ಮಾಡಿ. ತಣ್ಣಗಿರುವ ಡೀಸೆಲ್ ಇಂಜಿನ್ ಶುರುವಾಗಲು ಒಳಗೆ ಬಿಸಿ ಮಾಡಿಕೊಡುವ ಸಣ್ಣ ಹೀಟರ್‌ಗಳು ಅವು. ಹಳೆಯ ಗಾಡಿಗಳಲ್ಲಿ ಅವು ಸರಪಳಿಯ ಹಾಗೆ ಒಂದರ ಹಿಂದೆ ಒಂದು, ಒಂದು ಹೋದರೆ ಎಲ್ಲವೂ ಹೋದ ಹಾಗೆ. ಆಮೇಲಿನವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ವೈರು. ಒಂದು ಹೋದರೂ ಗಾಡಿ ಹೇಗೋ ಶುರುವಾಗುತ್ತದೆ, ಜನ ಕಂಪ್ರೆಷನ್ (ಇಂಜಿನ್ನಿನೊಳಗೆ ಗಾಳಿ ಒತ್ತುವ ಶಕ್ತಿ) ಹೋಯ್ತು ಅಂತ ಹೆದರುತ್ತಾರೆ. ಮಲ್ಟಿಮೀಟರ್ ಇಟ್ಟರೆ ಎರಡು ನಿಮಿಷದ ಕೆಲಸ. ಅದು ಸರಿ ಇದ್ದರೆ ವಾಲ್ವ್ ಗ್ಯಾಪ್, ಅಂದರೆ ಇಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ನೋಡಿಸಿ. ಈ ಇಂಜಿನ್ನಿನಲ್ಲಿ ಅದನ್ನು ಆಗಾಗ ಕೈಯಿಂದಲೇ ಹೊಂದಿಸಬೇಕು, ಗ್ಯಾಪ್ ಬಿಗಿಯಾದರೂ ಸ್ಟಾರ್ಟಿಂಗ್ ತೊಂದರೆ ಬರುತ್ತದೆ.

ಡೀಸೆಲ್ ವಾಸನೆಯಾ? ಒಂದು ಇಂಜೆಕ್ಟರಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ರಿಟರ್ನ್ ಪೈಪುಗಳನ್ನು ಮುಟ್ಟಿ ನೋಡಿ, ಬೆರಳು ಒದ್ದೆಯಾದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ವೈಪರ್, ಇಂಡಿಕೇಟರ್ ಬೇಕಾದಾಗ ಬಂದು ಬೇಡವಾದಾಗ ಹೋಗ್ತಾ ಇದ್ದರೆ ಸ್ವಿಚ್ ಕೊಳ್ಳುವುದಕ್ಕೆ ಮೊದಲು ಫ್ಯೂಸ್ ನೋಡಿ. ಇದರ ಫ್ಯೂಸ್ ಉದ್ದುದ್ದ ಇರುತ್ತವೆ, ಮೇಲೆ ಲೋಹದ ಪಟ್ಟಿ. ಪಟ್ಟಿ ಸುಟ್ಟಿರುವುದಿಲ್ಲ, ತುದಿಯಲ್ಲಿ ಕಿಲುಬು ಹಿಡಿದಿರುತ್ತದೆ. ಬೆರಳಲ್ಲಿ ತಿರುಗಿಸಿದರೆ ಎಷ್ಟೋ ಸಲ ಜೀವ ಬರುತ್ತದೆ. ಹೊಸ ಫ್ಯೂಸ್ ಹಾಕಿದರೆ ಆ ಕಾಟ ಮುಗಿಯಿತು.

ಒಂದರಲ್ಲಿ ಮಾತ್ರ ತಡ ಮಾಡಬೇಡಿ. ಕೀ ತಿರುಗಿಸುವಾಗ ಬಿಗಿ ಅನಿಸಿದರೆ, ಸಿಕ್ಕಿಕೊಂಡು ಬಂದರೆ, ತಿರುಗುತ್ತಿರುವಾಗಲೇ ಲಾಕ್ ಬದಲಾಯಿಸಿ. ಸ್ಟೀರಿಂಗ್ ಲಾಕ್ ಆದ ಸ್ಥಿತಿಯಲ್ಲಿ ಜಾಮ್ ಆದರೆ ಕೊರೆದು ಬಿಡಿಸಬೇಕಾಗುತ್ತದೆ.

ಹಾಗಾದರೆ ಎಲ್ಲ ಹಳೇ ಐಷಾರಾಮಿ ಕಾರೂ ಹೀಗೇನಾ? ಇಲ್ಲ, ಅದನ್ನೂ ಹೇಳಬೇಕು. 1998ರಲ್ಲಿ ಬಂದ, ಮರ್ಸಿಡಿಸ್‌ನದೇ ಡಬ್ಲ್ಯೂ220 ಎಸ್ ಕ್ಲಾಸ್ ಈಗ ಅಗ್ಗಕ್ಕೆ ಸಿಗುತ್ತದೆ ಅಂತ ಹಾರಿ ಕೊಳ್ಳುವವರಿದ್ದಾರೆ. ಅದರಲ್ಲಿ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ಸ್ಟ್ರಟ್, ಅಂದರೆ ಚಕ್ರದ ಮೇಲೆ ಕಾರಿನ ಭಾರ ಹೊರುವ ಕಂಬ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆ ಕುಸಿದು ಕೂತಿದ್ದರೆ ಆ ಕಡೆ ಗಾಳಿ ಸೋರುತ್ತಿದೆ ಅಂತ ತಿಳಿಯಿರಿ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಸೋರಿಕೆ ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ ಅದೂ ಸುಡುತ್ತದೆ. ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತೆ ನೋಡುವುದಕ್ಕೆ ಎಷ್ಟು ಖರ್ಚು? ಆದರೆ ಸೋರುವ ಸ್ಟ್ರಟ್ ಬದಲಾಯಿಸುವುದು ನಿಜಕ್ಕೂ ದುಬಾರಿ. ಆ ಕಾರು ಕೊಳ್ಳುವವರು ಕೊಂಡ ಬೆಲೆ ನೋಡಿ ಖುಷಿಪಡದೆ, ರಿಪೇರಿಗೆ ಬೇರೆ ದುಡ್ಡು ಎತ್ತಿಡಬೇಕು.

ನನ್ನ ಖರ್ಚು ಎಷ್ಟು ಅಂತ ಇನ್ನೂ ಕೇಳುವವರಿದ್ದರೆ: ಬುಷ್, ಪೈಪು, ಫಿಲ್ಟರ್, ಆಯಿಲ್ ಮುಂತಾದವುಗಳಿಗೆ ಪ್ರತಿ ವರ್ಷ ಹಣ ಹೋಗುತ್ತದೆ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತುತ್ತೇನೆ, ಸಿಗದಿದ್ದರೆ ಹೊರಗಿನಿಂದ ತರಿಸುತ್ತೇನೆ. ಅದು ನನಗೆ ಭಾರವಾಗಿಲ್ಲ, ಯಾಕಂದ್ರೆ ಕೆಡದೇ ಇರುವುದನ್ನು ನಾನು ಬದಲಾಯಿಸುವುದಿಲ್ಲ.

ನಿಮ್ಮ ಗಾಡಿಯ ತೊಂದರೆ ಕೇಳಬೇಕು ಅಂತಿದ್ದರೆ ಧಾರಾಳವಾಗಿ ಕೇಳಿ. ಬರುವಾಗ ಇಷ್ಟು ಗಮನಿಸಿಕೊಂಡು ಬನ್ನಿ: ತೊಂದರೆ ಬರೋದು ಇಂಜಿನ್ ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ನಿಂತಾಗಲಾ, ಓಡುವಾಗಲಾ? ಮಳೆ ಬಂದ ದಿನ ಜಾಸ್ತಿಯಾ? ಅದಕ್ಕೆ ಸ್ವಲ್ಪ ಮುಂಚೆ ಗಾಡಿಗೆ ಯಾರು ಕೈ ಹಾಕಿದ್ದರು, ಏನು ಬಿಚ್ಚಿದ್ದರು?