ಹೊಟ್ಟೆ ತುಂಬಿದ ಮೇಲೆ ಪಾಠ
ಕಲಬುರಗಿಯ ಮೇ ತಿಂಗಳ ಬಿಸಿಲು. ಅಂಗಡಿಯೊಂದರ ಮುಂದೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿ. ಪಕ್ಕದಲ್ಲೇ ಕುಳಿತ ಬೀದಿನಾಯಿ ಲೋಟದ ಸದ್ದಿಗೆ ಕಿವಿ ನಿಮಿರಿಸುತ್ತದೆ. ಇಲ್ಲಿ ನೀರು ಸಿಕ್ಕಿದ್ದಕ್ಕೇ ಅದು ದಿನವೂ ಬರುತ್ತದೆ. ಮಾಡಿದ್ದನ್ನು ಮತ್ತೆ ಮಾಡುವಂತೆ ಮಾಡುವ ಇಂಥ ಫಲಕ್ಕೆ ಮನೋವಿಜ್ಞಾನದಲ್ಲಿ ಪುನರ್ಬಲನ ಎಂದು ಹೆಸರು; ನೀರು, ಅನ್ನಗಳನ್ನು ಅದು ಪ್ರಾಥಮಿಕ ಪುನರ್ಬಲನ ಎನ್ನುತ್ತದೆ. ಹಣದ ಬೆಲೆಯನ್ನು ಕಲಿಯಬೇಕು, ಇವುಗಳದ್ದನ್ನು ಯಾರೂ ಕಲಿಸಬೇಕಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತಮ್ಮ ಪ್ರಯೋಗಗಳಲ್ಲಿ ಇಲಿಗಳನ್ನು ಹಸಿವಿನಲ್ಲಿ ಇರಿಸುತ್ತಿದ್ದರು. ಹೊಟ್ಟೆ ತುಂಬಿದ ಇಲಿ ಕಾಳು ಬೀಳಿಸುವ ಸನ್ನೆಕೋಲನ್ನು ಅಷ್ಟಾಗಿ ಒತ್ತುವುದಿಲ್ಲ. ಅಂದರೆ ಆ ಹೊತ್ತಿಗೆ ಬೇಕಾದದ್ದೇ ಬಹುಮಾನ.

ಇನ್ನು ಶಾಲೆಗೆ ಹಸಿದು ಬಂದ ಮಗುವಿಗೆ ಅಂಕ, ಶಹಬ್ಬಾಸ್‌ಗಿರಿ ಎಲ್ಲಿ ನಾಟಬೇಕು? 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಬೀದರ್, ಕಲಬುರಗಿ ಸೇರಿದಂತೆ ರಾಜ್ಯದ ಏಳು ಜಿಲ್ಲೆಗಳಲ್ಲಿ. ಆ ಬಿಸಿಯೂಟವನ್ನು ಪುಕ್ಕಟೆ ಊಟವೆಂದು ಹೀಗಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.