ಪಕ್ಕದ ಮನೆಯ ಪುಟ್ಟ ಊರು

ಡಿಸೆಂಬರ್ ಬಂತೆಂದರೆ ಇಲ್ಲಿ ಮಿನ್ನೆಸೋಟಾದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ. ಆ ಹೊತ್ತಿಗೆ ಪಕ್ಕದ ಮನೆ ಅಜ್ಜಿಯ ಕಿಟಕಿಯಲ್ಲಿ ಒಂದು ಊರೇ ಬೆಳಗುತ್ತದೆ. ಗೇಣುದ್ದದ ಪಿಂಗಾಣಿ ಮನೆಗಳು, ಬೇಕರಿ, ಚರ್ಚು. ಕೆಳಗೆ ಹಿಮದ ಬದಲು ಹತ್ತಿ. ಪ್ರತಿ ಮನೆಯೊಳಗೂ ಒಂದು ಬಲ್ಬು.

ಮೊದಲ ಸಲ ನೋಡಿದಾಗ ಮೈಸೂರಿನ ನಮ್ಮ ದಸರಾ ಗೊಂಬೆಗಳೇ ನೆನಪಾದವು. ಪಟ್ಟದ ಗೊಂಬೆಗಳ ಕೆಳಗೆ ನಾವು ರಾಗಿ ಮೊಳಕೆ ಬರಿಸಿ ಪಾರ್ಕು ಮಾಡುತ್ತಿದ್ದೆವಲ್ಲ, ಹಾಗೇ.

ಮರುವರ್ಷ ಅಜ್ಜಿಗೆ ಉಡುಗೊರೆ ಕೊಡೋಣ ಅಂತ ಅಂಗಡಿಗೆ ಹೋಗಿ, ಚೆಂದ ಕಂಡಿತು ಅಂತ ಒಂದು ಚರ್ಚ್ ತಂದೆ. ಅವರ ಊರಿನಲ್ಲಿ ಆಗಲೇ ಮೂರು ಚರ್ಚ್ ಇದ್ದವು! ಅದಕ್ಕಿಂತ ದೊಡ್ಡ ತಪ್ಪು ಬೇರೆ. ಅವರದು ಸ್ನೋ ವಿಲೇಜ್ ಸರಣಿ. ಅಮೆರಿಕದ ಸಣ್ಣ ಊರು, ಮಿರಮಿರ ಮಿಂಚುವ ಮನೆಗಳು. ನಾನು ತಂದದ್ದು ಡಿಕನ್ಸ್ ವಿಲೇಜ್‌ನದು. ಹಳೇ ಇಂಗ್ಲೆಂಡಿನ ಕಟ್ಟಡ, ಹೊಳಪಿಲ್ಲದ ಪಿಂಗಾಣಿ. ಜೀನ್ಸ್ ಹಾಕಿದವರ ನಡುವೆ ಪೇಟ ಸುತ್ತಿಕೊಂಡು ನಿಂತ ಹಾಗಿತ್ತು. ಅಜ್ಜಿ ಏನೂ ಅನ್ನಲಿಲ್ಲ. ಅದನ್ನು ಬೇರೆ ಕಪಾಟಿನಲ್ಲಿ ಒಂಟಿಯಾಗಿ ಇಟ್ಟರು, ಅಷ್ಟೇ.

ಆಮೇಲೆ ಒಂದು ದಿನ ಕೂರಿಸಿಕೊಂಡು ಪಾಠ ಮಾಡಿದರು. ಈ ಸರಣಿಗಳನ್ನು ತರುವ ಡಿಪಾರ್ಟ್‌ಮೆಂಟ್ 56 ಎಂಬ ಕಂಪನಿ ಹುಟ್ಟಿದ್ದು ಇಲ್ಲೇ. ಮಿನಿಯಾಪೊಲಿಸ್‌ನ ಬಾಕ್‌ಮನ್ಸ್ ಎಂಬ ಹೂವಿನ ವ್ಯಾಪಾರಿಗಳು ತಮ್ಮ ವಿಭಾಗಗಳಿಗೆ ನಂಬರ್ ಕೊಟ್ಟಿದ್ದರು. ಉಡುಗೊರೆ ಸಾಮಾನಿನ ಸಗಟು ವಿಭಾಗದ ನಂಬರ್ 56. ಅದೇ ಹೆಸರಾಯಿತು. 1976ರಲ್ಲಿ ಆರು ಮನೆಗಳಿಂದ ಸ್ನೋ ವಿಲೇಜ್ ಶುರುವಾಯಿತು. ಡಿಕನ್ಸ್ ವಿಲೇಜ್ ಬಂದದ್ದು 1984ರಲ್ಲಿ. ಯಾವ ಸರಣಿ ಅಂತ ಗೊತ್ತಾಗಬೇಕಾದರೆ ತಿರುಗಿಸಿ ತಳ ನೋಡಬೇಕು, ಅಲ್ಲಿ ಹೆಸರು ಇರುತ್ತದೆ. ಕೆಲವು ಮನೆಗಳನ್ನು ಕಂಪನಿ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ 'ರಿಟೈರ್' ಆಯಿತು ಅನ್ನುತ್ತಾರೆ. ಅಂಥದ್ದು ಬೇಕೆಂದರೆ ಹಳೇ ಸಾಮಾನು ಮಾರುವವರ ಹತ್ತಿರ ಹುಡುಕಬೇಕು.

ಅಂದಿನಿಂದ ನಾನು ಸ್ವಲ್ಪ ಹುಷಾರು. ಆದರೂ ಇನ್ನೊಮ್ಮೆ ಎಡವಿದೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಎದುರುಮನೆಯವರಿಗೆ ಪೋಸ್ಟ್ ಆಫೀಸ್ ಕೊಟ್ಟರೆ ಖುಷಿಯಾಗುತ್ತಾರೆ ಅಂದುಕೊಂಡೆ. ಅವರು ಜೋರಾಗಿ ನಕ್ಕು, "ಇನ್ನು ಮನೆಯಲ್ಲೂ ಅದನ್ನೇ ನೋಡಬೇಕಾ?" ಅಂದರು. ಅವರ ಬಾಯಲ್ಲಿ ಸದಾ ಇರುವುದು ಅವರ ನಾಯಿಯ ಮಾತು. ನಾಯಿ ಹಿಡಿದು ನಡೆಯುವ ಒಂದು ಪುಟ್ಟ ಬೊಂಬೆ ಸಾಕಿತ್ತು! ಬೆಲೆಯೂ ಕಡಿಮೆ. ಕಟ್ಟಡವಾದರೆ ನೂರು ಡಾಲರ್ ದಾಟುವುದು ಕಷ್ಟವಲ್ಲ, ಜೊತೆಗೆ ಜಾಗ ಬೇಕು, ವೈರು ಬೇಕು.

ಆಫೀಸಿನ ಗೆಳೆಯನ ವಿಷಯದಲ್ಲಿ ಮಾತ್ರ ಸರಿಯಾಗಿ ಬಿತ್ತು. ಕೆರೆಯ ಮೇಲೆ ನಾಲ್ಕು ಇಂಚು ಮಂಜುಗಡ್ಡೆ ಕಟ್ಟಿತೋ ಇಲ್ಲವೋ, ತೂತು ಕೊರೆದು ಮೀನು ಹಿಡಿಯಲು ಹೋಗುವ ಆಸಾಮಿ. ಅವನಿಗೆ ಗಾಳ ಹಾಕಿ ಕೂತ ಒಂದು ಬೊಂಬೆ ಕೊಟ್ಟೆ. ಮನೆಯಲ್ಲಿ ಊರು ಗೀರು ಏನೂ ಇಲ್ಲ. ಆಫೀಸಿನ ಮೇಜಿನ ಮೇಲೆ ಜೂನ್‌ನಲ್ಲೂ ಅದು ಗಾಳ ಹಾಕಿಕೊಂಡೇ ಕೂತಿತ್ತು.

ಹೋದ ವರ್ಷ ಮೈಸೂರಿನ ಅಕ್ಕ ತನಗೂ ಒಂದು ಬೇಕು ಅಂದಳು. ಅವಳಿಗೆ ರೈಲಿನ ಹುಚ್ಚು, ಹಾಗಾಗಿ ಏನು ಕೊಡಲಿ ಅಂತ ಯೋಚಿಸಬೇಕಾಗಲಿಲ್ಲ, ಸ್ಟೇಷನ್ನೇ. ಆದರೆ ಇಲ್ಲಿನ ಕರೆಂಟು 120 ವೋಲ್ಟ್, ಅಲ್ಲಿ 230. ಇಲ್ಲಿನ ಬಲ್ಬು ಅಲ್ಲಿ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಅದಕ್ಕೇ ಬ್ಯಾಟರಿಯದು ಹುಡುಕಿದೆ. ಬಟ್ಟೆ ಸುತ್ತಿ ಕೈಚೀಲದಲ್ಲೇ ಒಯ್ದೆ.

ದಸರಾದಲ್ಲಿ ಫೋಟೋ ಕಳಿಸಿದಳು. ಹಸಿರು ರಾಗಿ ಪಾರ್ಕಿನ ಪಕ್ಕ ಹಿಮ ಹೊದ್ದ ಸ್ಟೇಷನ್. ಅದರ ಮುಂದೆ, ಅಕ್ಕಿ ಬೇಳೆ ಹರವಿಕೊಂಡು, ರೈಲಿಗೆ ಕಾಯುತ್ತಾ ಕೂತ ಶೆಟ್ಟರು ದಂಪತಿ.